ಮಾತು ಬಿಟ್ಟಿದ್ದ ಅಕ್ಕ

ಅಕ್ಕ ತೀರಿಕೊಂಡ ಸುದ್ದಿ ಬಂದಾಗ ಯಜಮಾನರು ಬೆಳಗಿನ ಪ್ರಾರ್ಥನೆ ಮುಗಿಸಿ ಏಳುತ್ತಿದ್ದರು. ಫೋನಿನಲ್ಲಿ ಅಕ್ಕನ ಮಗ, "ಮಾವ, ಅಮ್ಮ ಏಳ್ತಾ ಇಲ್ಲ" ಎಂದಷ್ಟೇ ಹೇಳಿದ. ಅವರು ಎರಡು ಬೀದಿ ದಾಟಿ ಹೋಗುವಷ್ಟರಲ್ಲಿ ಅಕ್ಕನನ್ನು ಹೊಲಿಗೆ ಕೋಣೆಯಲ್ಲೇ ಚಾಪೆಯ ಮೇಲೆ ಮಲಗಿಸಿದ್ದರು. ಹೊಲಿಗೆ ಯಂತ್ರದ ಸೂಜಿಯಡಿ ಯಾರದೋ ಕೋಟಿನ ತೋಳು ಅರ್ಧಕ್ಕೆ ನಿಂತಿತ್ತು.

ಪತ್ರಿಕೆಯ ಕೊನೆಪುಟದಲ್ಲಿ ಸತ್ತವರ ಬಗ್ಗೆ ಬರೆಯುವುದೇ ಯಜಮಾನರ ಜೀವಮಾನದ ಕೆಲಸವಾಗಿತ್ತು. ಕಚೇರಿಯವರು ತಮಾಷೆಗೆ 'ಕೊನೆಪುಟದ ಯಜಮಾನರು' ಎಂದು ಕರೆದ ಹೆಸರೇ ನಿಂತುಹೋಗಿತ್ತು. ಅವರು ನಿವೃತ್ತರಾದ ಮೇಲೆ ಪತ್ರಿಕೆಯವರು ಆ ಹಳೆಯ ಬರಹಗಳನ್ನೆಲ್ಲ ಎಐಗೆ ಉಣಿಸಿ, ಕೆಲಸವನ್ನು ಅದಕ್ಕೇ ಒಪ್ಪಿಸಿದ್ದರು. ಹೆಸರು, ವಯಸ್ಸು, ಕಸುಬು ತಿಳಿಸಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಬರಹ ಸಿದ್ಧ.

ಅಕ್ಕನ ಮಗ ತಾಯಿಯ ಬಗ್ಗೆಯೂ ಅದರಿಂದಲೇ ಬರೆಸಿ ಫೋನು ಮುಂದೆ ಹಿಡಿದ. "ನೋಡಿ ಮಾವ, ನೀವೇ ಕೂತು ಬರೆದ ಹಾಗಿದೆ. ಈ ಹೊತ್ತಲ್ಲಿ ನಿಮಗ್ಯಾಕೆ ತೊಂದರೆ ಅಂತ."

ಹಸನ್ಮುಖಿ, ಮಿತಭಾಷಿ, ದೈವಭಕ್ತೆ. ಒಂದೊಂದೂ ಯಜಮಾನರದೇ ಮಾತು. ಅಕ್ಕ ಮಿತಭಾಷಿಯಂತೆ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳ ಬೆವರಿಳಿಸುತ್ತಿದ್ದವಳು ಅವಳು. ಕೋಟು ಬಿಗಿಯಾಯಿತೆಂದು ಬಂದವರಿಗೆ, ಕೋಟು ಇದ್ದ ಹಾಗೇ ಇದೆ, ಬೆಳೆದದ್ದು ನಿಮ್ಮ ಹೊಟ್ಟೆ ಎನ್ನುತ್ತಿದ್ದಳು. ತಮ್ಮನ ಬರಹ ಓದಿ, ನೀನು ಬರೆದರೆ ಸತ್ತವರೆಲ್ಲ ಒಂದೇ ತಾಯಿ ಮಕ್ಕಳಾಗಿಬಿಡುತ್ತಾರೆ ಎಂದು ಚುಚ್ಚುತ್ತಿದ್ದಳು.

ಆದರೆ ಅವರಿಂದ ಒಪ್ಪಲಾಗದ್ದು ದೈವಭಕ್ತೆ ಎಂಬ ಮಾತು. ಎಳೆಯ ಮಗಳು ಜ್ವರದಲ್ಲಿ ತೀರಿಕೊಂಡಂದಿನಿಂದ ಅಕ್ಕ ದೇವರಿಗೆ ಕೈ ಮುಗಿದವಳಲ್ಲ. ತಮ್ಮ ಎಷ್ಟು ಗೋಗರೆದರೂ, ನನಗೂ ಅವನಿಗೂ ಮಾತಿಲ್ಲ ಎಂದುಬಿಡುತ್ತಿದ್ದಳು. ಆದರೂ ತಮ್ಮ ಅವಳ ಮನೆಯಲ್ಲಿ ಪ್ರಾರ್ಥನೆಗೆ ಕೂತರೆ, ಮುಗಿಯುವ ತನಕ ಹೊಲಿಗೆ ನಿಲ್ಲಿಸುತ್ತಿದ್ದಳು. ಅವಳನ್ನು ಹೀಗೆ ಸುಳ್ಳು ಹೆಸರಿಟ್ಟು ಕಳಿಸುವುದೇ?

ಯಜಮಾನರು ಕಾಗದ ಹಿಡಿದು ಬಟ್ಟೆ ಕತ್ತರಿಸುವ ಮೇಜಿಗೆ ಕುಳಿತರು. ಬರೆದ ಸಾಲೆಲ್ಲ ಫೋನಿನಲ್ಲಿದ್ದದ್ದೇ ಆಗಿ ಬಂತು. ಹೊಡೆದುಹಾಕಿದರು. ಮತ್ತೆ ಬರೆದರೂ ಅದೇ. ಇಷ್ಟು ಕಾಲ ಬರೆದದ್ದರಲ್ಲಿ ತನ್ನದೆನ್ನುವ ದನಿ ಒಂದಾದರೂ ಇತ್ತೇ ಎಂದು ಭಯವಾಯಿತು. ಕೊನೆಗೆ ಅಕ್ಕನ ಮುಖ ನೋಡುತ್ತ ತೋಚಿದ್ದನ್ನು ಬರೆದರು: 'ನನ್ನ ಅಕ್ಕ ಜಗಳಗಂಟಿ. ಮಗಳು ಹೋದ ಮೇಲೆ ದೇವರ ಜೊತೆಗೂ ಜಗಳ. ನಾನು ಪ್ರಾರ್ಥಿಸುವಾಗ ಮಾತ್ರ ಅವಳ ಕಾಲು ಪೆಡಲಿನ ಮೇಲೆ ಸುಮ್ಮನಿರುತ್ತಿತ್ತು.'

ಅಕ್ಕನ ಮಗ ಓದಿ ಕಣ್ಣೊರೆಸಿಕೊಂಡ. "ಅಮ್ಮನೇ ಎದುರಿಗೆ ಕೂತ ಹಾಗಿದೆ ಮಾವ. ಆದ್ರೆ ಪೇಪರಿಗೆ ಇದು ಬೇಡ. ದೇವರನ್ನೇ ಬಿಟ್ಟಿದ್ಲು ಅಂತ ನಾಲ್ಕು ಜನ ಆಡ್ಕೊಳ್ತಾರೆ."

ಹೆತ್ತವಳ ಬಗ್ಗೆ ಮಗನ ಮಾತೇ ಮುಂದು ಎಂದು ಯಜಮಾನರು ಒಪ್ಪಿದರು. ಫೋನಿನ ಬರಹವೇ ಪತ್ರಿಕೆಗೆ ಹೋಯಿತು. ಅವರು ಚಾಪೆಯ ಪಕ್ಕ ಕುಳಿತು, ತಾವು ಬರೆದದ್ದನ್ನು ಅಕ್ಕನೊಬ್ಬಳಿಗೇ ಮೆಲ್ಲಗೆ ಓದಿದರು. ಆಮೇಲೆ ಕೈ ಮುಗಿದರು.

"ದೇವರೇ, ಇವಳು ನಿನ್ನ ಜೊತೆ ಮಾತು ಬಿಟ್ಟವಳು. ನೀನೇ ಮೊದಲು ಮಾತಾಡಿಸು. ಆ ಮಗುವನ್ನು ಇವಳ ಮಡಿಲಿಗೆ ಕೊಡು. ನನ್ನ ಅಕ್ಕನಿಗೆ ಶಾಂತಿ ಕೊಡು ತಂದೆ."