ಅಕ್ಕನ ಅಪ್ಪಣೆ

ಇಂಗ್ಲೆಂಡಿನ ಕಂಬ್ರಿಯಾದ ನಮ್ಮೂರಲ್ಲಿ ಉಳಿದಿದ್ದ ಕೊನೆಯ ಎರಡು ಕೆಂಪಳಿಲುಗಳು ನನ್ನ ಅಕ್ಕ ಎಡಿತ್‌ಳ ಕಾಡಿನಲ್ಲಿದ್ದವು. ಅದೇ ಕಾಡಿಗೆ ಬೂದು ಅಳಿಲುಗಳೂ ನುಗ್ಗಿದ್ದವು. ಬೂದು ಅಳಿಲು ಸಿಡುಬು ಹೊತ್ತು ತರುತ್ತದೆ. ಅದಕ್ಕೇನೂ ಆಗುವುದಿಲ್ಲ, ಕೆಂಪಳಿಲು ಸಾಯುತ್ತದೆ. ನನ್ನ ಬಳಿ ಏರ್‌ಗನ್ ಇತ್ತು, ಗುರಿಯೂ ಇತ್ತು. ಇಲ್ಲದಿದ್ದದ್ದು ಕಾಡಿನ ಒಡತಿಯ ಅಪ್ಪಣೆ. ಅದಿಲ್ಲದೆ ಒಂದು ಗುಂಡು ಹಾರಿಸಿದರೂ ಪೊಲೀಸರು ಮನೆ ಬಾಗಿಲಿಗೆ ಬರುತ್ತಾರೆ.

ಎಲೆ ಉದುರುವ ಕಾಲದಲ್ಲಿ ಅಕ್ಕನನ್ನು ಕೇಳಿದೆ.

"ಪಾಪ, ಚಳಿಗಾಲಕ್ಕೆ ಕಾಯಿ ಕೂಡಿಡ್ತಿವೆ ಕಣೋ ಕ್ಲೆಮ್. ಈಗ ಹೊಡೀತಾರೇನೋ?"

ಚಳಿಗಾಲ ಬಂತು. ಮರಗಳು ಬೋಳಾಗಿ, ಕೊಂಬೆಯ ಮೇಲೆ ಕೂತ ಅಳಿಲು ಎದ್ದು ಕಾಣುವ ಕಾಲ. ಬೇಟೆಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಇವಳೋ ಕಿಟಕಿಯಾಚೆ ಕಡಲೆಬೀಜದ ತಟ್ಟೆ ನೇತುಹಾಕಿದ್ದಳು.

"ಅಕ್ಕಾ, ನಾನು ಹೊಡೀಬೇಕು ಅಂತಿದ್ರೆ ನೀನು ಔತಣ ಹಾಕ್ತಿದ್ದೀಯಲ್ಲೇ!"

"ಕೆಂಪಿಗೂ ಅದೇ ತಟ್ಟೇಲಿ ಹಾಕ್ತೀನಿ. ನಿನ್ ಥರ ಭೇದಭಾವ ನಂಗಿಲ್ಲ."

ಅದೇ ತಟ್ಟೆಯಲ್ಲಿ! ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಸಿಡುಬು ಅಂಟುವುದೇ ಹಾಗೆ ಎಂದು ಬಾಯಿ ನೋಯುವಷ್ಟು ಹೇಳಿದೆ. ಅವಳು ಟೀ ಬಗ್ಗಿಸಿ ಬಿಸ್ಕತ್ತು ಮುಂದಿಟ್ಟಳು.

ವಸಂತದಲ್ಲಿ ನಾನೇ ಕೇಳಲಿಲ್ಲ. ಗೂಡಿನಲ್ಲಿ ಮರಿಗಳಿರುವಾಗ ತಾಯಿಯನ್ನು ಹೊಡೆಯುವಷ್ಟು ಕಟುಕ ನಾನಲ್ಲ. ಬೇಸಿಗೆಯಲ್ಲಿ ಎಲೆ ದಟ್ಟವಾಗಿ ಒಂದು ಬಾಲವೂ ಕಾಣದಂತಾದಾಗ ಮಹಾರಾಯ್ತಿಯ ಫೋನು ಬಂತು.

"ಲೋ, ನಿಮ್ ಭಾವ ನೆಟ್ಟಿದ್ದ ಬೀಚ್ ಮರದ ತೊಗಟೆ ಎಲ್ಲಾ ಸುಲೀತಿವೆ! ಬೇಗ ಬಂದು ಹೊಡಿ."

"ಈ ಸೊಪ್ಪಿನ ಮಧ್ಯೆ ನಂಗೇನು ಕಾಣತ್ತೆ? ಎಲೆ ಉದುರಲಿ, ಅಕ್ಟೋಬರ್‌ನಲ್ಲಿ ಹೊಡೀತೀನಿ."

"ಅಕ್ಟೋಬರ್‌ನಲ್ಲಿ ಬೇಡಪ್ಪಾ. ಅವು ಕಾಯಿ ಕೂಡಿಡೋ ಕಾಲ."

ಫೋನನ್ನು ಗೋಡೆಗೆ ಎಸೆಯಬೇಕೆನ್ನಿಸಿತು.

ಅಕ್ಟೋಬರ್‌ನಲ್ಲಿ ಮತ್ತೆ ಅವಳದೇ ಫೋನು. ದನಿಯಲ್ಲಿ ಹಬ್ಬದ ಸಂಭ್ರಮ.

"ಕ್ಲೆಮ್, ಒಂದು ಕೆಂಪು ತಟ್ಟೇಲೇ ಕೂತಿದೆ ಕಣೋ. ಹತ್ರ ಹೋದ್ರೂ ಓಡ್ತಿಲ್ಲ. ನಂಗೆ ಎಷ್ಟು ಒಗ್ಗಿದೆ ನೋಡು ಬಾ!"

ಹೋಗಿ ನೋಡಿದೆ. ರೆಪ್ಪೆಗಳು ಊದಿ ಮುಚ್ಚಿದ್ದವು, ಮೂತಿಯ ತುಂಬ ಹುಣ್ಣು.

"ಒಗ್ಗಿಲ್ಲ ಅಕ್ಕಾ. ಅದಕ್ಕೆ ಕಣ್ಣು ಕಾಣಿಸ್ತಿಲ್ಲ."

ಪೆಟ್ಟಿಗೆಯಲ್ಲಿಟ್ಟು ಪಶುವೈದ್ಯರ ಹತ್ತಿರ ಒಯ್ದೆವು. ಸಂಜೆಗೆ ಸತ್ತಿತು. ಅದೇ ವಾರ ಉಳಿದಿದ್ದ ಒಂದು ಕೆಂಪೂ ಮರದ ಬುಡದಲ್ಲಿ ಸತ್ತು ಬಿದ್ದಿದ್ದು ಸಿಕ್ಕಿತು.

ಮರುದಿನ ಬೆಳಿಗ್ಗೆ ಎಡಿತ್ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದಳು. "ನಡಿ, ಹೊಡಿ. ಒಂದೂ ಬಿಡ್ಬೇಡ."

"ಈಗಲಾ?" ನನಗೆ ರೇಗಿಹೋಯಿತು. "ಯಾರನ್ನ ಉಳಿಸೋಕೆ?"

"ಗುಡ್ಡದಾಚೆ ಊರಲ್ಲಿ ಕೆಂಪು ಇವೆಯಲ್ಲ, ಅವನ್ನ."

ಕಾಡಿಗೆ ನನ್ನ ಜೊತೆಗೇ ಬಂದಳು. ಬೇಡವೆಂದರೂ ಕೇಳದೆ ಪಕ್ಕದ ದಿಮ್ಮಿಯ ಮೇಲೆ ಕೂತು, ಮೂಗು ಸೊರಸೊರ ಎಳೆಯುತ್ತ, ತಾನು ಎಷ್ಟು ಪ್ರೀತಿಯಿಂದ ಬೀಜ ಹಾಕಿದ್ದೆ ಎಂದು ಗಟ್ಟಿಯಾಗಿ ಹೇಳುತ್ತಲೇ ಇದ್ದಳು. ಅಷ್ಟು ಸದ್ದಿಗೆ ಯಾವ ಅಳಿಲು ಹತ್ತಿರ ಬಂದೀತು? ಬಾಯಿ ಮುಚ್ಚು ಎನ್ನಬೇಕಿತ್ತು. ನಾನು ಗನ್ನನ್ನು ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದವರೆಗೂ ಕೇಳುತ್ತ ಕೂತೆ.