ಎದುರೂರಿನ ನೋಡುಗರು

ಲಾಜ್‌ಪೋಲ್ ಕಾಲೇಜಿನ ಕ್ರೀಡಾ ನಿರ್ದೇಶಕಿ ಲೋರ್ನಾ ಕುಬಿಚೆಕ್‌ಗೆ ಸೋಲೆಂದರೆ ಆಗದು. ಅದರಲ್ಲೂ ಹಾರ್ಲನ್ ಕಾಲೇಜಿನ ಕೈಯಲ್ಲಿ ಸೋಲುವುದಕ್ಕಿಂತ ಹಲ್ಲುನೋವೇ ವಾಸಿ ಎನ್ನುವವಳು ಅವಳು. ನೆಬ್ರಾಸ್ಕಾದ ಆ ಮೂಲೆಯಲ್ಲಿ ನದಿಯ ಈಚೆ ದಡಕ್ಕೆ ಲಾಜ್‌ಪೋಲ್, ಆಚೆ ದಡಕ್ಕೆ ಹಾರ್ಲನ್. ಎರಡೂ ಊರಿನವರು ಬೆಳೆಯುವುದು ಅದೇ ಜೋಳ, ಸಾಕುವುದು ಅದೇ ದನ. ಹೆಣ್ಣು ಕೊಟ್ಟು ತಂದು ಮಾಡಿದ ಸಂಬಂಧಗಳಿಗಂತೂ ಲೆಕ್ಕವಿಲ್ಲ. ಆದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ಬಂತೆಂದರೆ ಬೀಗರು ಬೀಗರಲ್ಲ, ಅತ್ತಿಗೆ ಅತ್ತಿಗೆಯಲ್ಲ.

ಎರಡೂ ಕಾಲೇಜುಗಳು ಪ್ರೇರಿ ಒಕ್ಕೂಟ ಎಂಬ ಹಳೆಯ ಗುಂಪಿನಲ್ಲಿ ಆಡುತ್ತಿದ್ದವು. ಅದೀಗ ತೂತು ಬಿದ್ದ ದೋಣಿ. ಒಳ್ಳೆಯ ಕಾಲೇಜುಗಳೆಲ್ಲ ಒಂದೊಂದಾಗಿ ದೊಡ್ಡ ಒಕ್ಕೂಟಗಳಿಗೆ ಹಾರಿಹೋಗಿ, ಉಳಿದವರಿಗೆ ಆಡಲು ಎದುರಾಳಿಗಳೇ ಸಿಗದ ಸ್ಥಿತಿ ಬಂದಿತ್ತು. ಬರುವ ವರ್ಷದೊಳಗೆ ಬೇರೊಂದು ಒಕ್ಕೂಟ ಸಿಗದಿದ್ದರೆ ಫುಟ್‌ಬಾಲ್ ಮುಚ್ಚುವುದೇ ಸೈ ಎಂದು ಲಾಜ್‌ಪೋಲ್‌ನ ಅಧ್ಯಕ್ಷರು ಲೋರ್ನಾಗೆ ಕಡ್ಡಿ ಮುರಿದಂತೆ ಹೇಳಿದ್ದರು. ಅವಳಿಗೆ ಅದು ಬರೀ ಕೆಲಸದ ಪ್ರಶ್ನೆಯಾಗಿರಲಿಲ್ಲ. ತಂಡದ ಅರ್ಧ ಹುಡುಗರು ಆಟವಿಲ್ಲದಿದ್ದರೆ ಕಾಲೇಜಿನ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ. ಅವರನ್ನು ಟ್ರ್ಯಾಕ್ಟರ್ ಮೇಲಿಂದ ಇಳಿಸಿ, ಅವರ ಅಪ್ಪಂದಿರ ಜೊತೆ ಜಗಳವಾಡಿ ಕರೆತಂದವಳು ಅವಳೇ.

ಅಂಥ ಹೊತ್ತಿನಲ್ಲಿ ಮಿಡ್‌ಲ್ಯಾಂಡ್ ಎಂಬ ದೊಡ್ಡ ಒಕ್ಕೂಟದಿಂದ ಬ್ರೈಸ್ ಟೆಲ್‌ಮನ್ ಎಂಬಾತ ಕಾಲೇಜಿನ ಬೆಲೆ ಕಟ್ಟಲು ಬಂದ. ಮಿರಮಿರ ಮಿಂಚುವ ಬೂಟು ಹಾಕಿಕೊಂಡಿದ್ದ ಆತ ಮೈದಾನದ ಕಡೆ ತಿರುಗಿಯೂ ನೋಡಲಿಲ್ಲ. ಲೋರ್ನಾ ಆಸೆಯಿಂದ ಒರೆಸಿಟ್ಟಿದ್ದ ಟ್ರೋಫಿಗಳ ಕಪಾಟಿನ ಮುಂದೆ ನಿಂತು ತಲೆಕೂದಲು ಸರಿಮಾಡಿಕೊಂಡ.

“ಗೆಲುವು ಸೋಲು ಯಾರಿಗೆ ಬೇಕು ಮೇಡಂ? ಟಿವಿಲಿ ನೋಡೋರು ಎಷ್ಟು ಜನ, ಅದೇ ನಿಮ್ಮ ಬೆಲೆ” ಎಂದ.

ಆ ಲೆಕ್ಕದಲ್ಲಿ ಲಾಜ್‌ಪೋಲ್ ಆತನಿಗೇ ಅಚ್ಚರಿ ಹುಟ್ಟಿಸಿತ್ತು. ಊರಿನಲ್ಲಿ ಎಷ್ಟು ಜನರಿದ್ದಾರೋ ಅದಕ್ಕಿಂತ ಎಷ್ಟೋ ಹೆಚ್ಚು ಜನ ಅವರ ಆಟ ನೋಡುತ್ತಿದ್ದರು. ಆ ಹೆಚ್ಚಿನವರೆಲ್ಲ ನದಿಯಾಚೆ ಹಾರ್ಲನ್‌ನಲ್ಲಿದ್ದರು. ನಿಮ್ಮ ಅಭಿಮಾನಿಗಳು ಪಕ್ಕದೂರಿಗೂ ಹಬ್ಬಿದ್ದಾರೆ, ಇದು ಅಪರೂಪ ಎಂದು ಟೆಲ್‌ಮನ್ ಹೊಗಳಿದಾಗ ಲೋರ್ನಾಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. ಹಾರ್ಲನ್‌ನವರು ಏಕೆ ನೋಡುತ್ತಾರೆಂದು ಅವಳಿಗೆ ಗೊತ್ತಿಲ್ಲವೇ? ಲಾಜ್‌ಪೋಲ್ ಸೋಲುವುದನ್ನು ಕಣ್ತುಂಬಿಕೊಳ್ಳಲು. ಆದರೆ ಆತ ಅದನ್ನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೊರಡುವ ಮುಂಚೆ ಟೆಲ್‌ಮನ್ ಗುಟ್ಟಾಗಿ ಇನ್ನೊಂದು ಮಾತು ಹೇಳಿದ. ಮಿಡ್‌ಲ್ಯಾಂಡ್‌ನಲ್ಲಿ ಇರುವುದು ಒಂದೇ ಜಾಗ. ಎರಡರ ಆಟ ನೋಡುವವರೂ ಅದೇ ಜನರಾಗಿರುವಾಗ ಎರಡು ಕಾಲೇಜು ಏಕೆ? ಸದ್ಯಕ್ಕೆ ಲಾಜ್‌ಪೋಲ್ ಮುಂದಿದೆ. ಮುಂದಿನ ವಾರದ ಶನಿವಾರದ ನೋಡುಗರ ಅಂಕಿ ನೋಡಿಕೊಂಡು ಒಕ್ಕೂಟದವರು ಮತ ಹಾಕುತ್ತಾರೆ, ಅಲ್ಲಿಯವರೆಗೆ ಯಾರ ಮುಂದೆಯೂ ಬಾಯಿ ಬಿಡಬೇಡಿ ಎಂದ. ಲೋರ್ನಾ ತಲೆಯಾಡಿಸಿದಳು. ಬಾಯಿ ಮುಚ್ಚಿಕೊಂಡಿರುವುದು ಅವಳ ಜಾಯಮಾನದಲ್ಲಿ ಇಲ್ಲ ಎಂಬುದು ಪಾಪ ಆತನಿಗೆ ತಿಳಿದಿರಲಿಲ್ಲ.

ಗ್ರಹಚಾರಕ್ಕೆ ಅದಕ್ಕೂ ಮುಂಚಿನ ಶನಿವಾರದ ಆಟವೇ ಹಾರ್ಲನ್ ಮೇಲೆ. ಲಾಜ್‌ಪೋಲ್ ಸೋತಿತು. ಎರಡೂ ಊರಿನ ಹಳೆಯ ಪದ್ಧತಿಯಂತೆ ಸೋತ ಕಡೆಯ ನಿರ್ದೇಶಕರು ಮರುದಿನ ಗೆದ್ದವರ ಊರಿಗೆ ಹೋಗಿ, ಚರ್ಚಿನ ನೆಲಮಾಳಿಗೆಯಲ್ಲಿ ಗೆದ್ದವರ ಬಣ್ಣದ ಏಪ್ರನ್ ಕಟ್ಟಿಕೊಂಡು ಊರಿಗೆಲ್ಲ ಚಿಲ್ಲಿ ಬಡಿಸಬೇಕು. ಚಿಲ್ಲಿ ಎಂದರೆ ಬೀನ್ಸು, ಮಾಂಸದ ಬಿಸಿ ಗೊಜ್ಜು; ಬಟ್ಟಲಿಗೆ ಅದು, ಪಕ್ಕಕ್ಕೆ ದಾಲ್ಚಿನ್ನಿ ರೋಲು. ಅಜ್ಜಂದಿರ ಕಾಲದಿಂದ ಯಾರೂ ತಪ್ಪಿಸಿದ್ದಿಲ್ಲ. ಹಾಗಾಗಿ ಭಾನುವಾರ ಲೋರ್ನಾ ಕೆಂಪು ಏಪ್ರನ್ ಕಟ್ಟಿಕೊಂಡು, ಸೌಟು ಹಿಡಿದು, ಹಲ್ಲು ಕಚ್ಚಿ ನಗುತ್ತಾ ನಿಂತಿದ್ದಳು.

ಹಾರ್ಲನ್‌ನ ಕ್ರೀಡಾ ನಿರ್ದೇಶಕ ವೆಂಡೆಲ್ ಆಸ್ಟರ್‌ಮನ್ ಸರದಿಯಲ್ಲಿ ಮೂರನೆಯ ಸಲ ಬಂದು ನಿಂತ. ಬೋಳುತಲೆಯ, ಹೊಟ್ಟೆ ಮುಂದೆ ಬಂದ ಮನುಷ್ಯ. ಹಸಿವಿಗಿಂತ ಅವಳನ್ನು ಕೆಣಕುವ ಚಟ ಹೆಚ್ಚು.

“ಸ್ವಲ್ಪ ಜಾಸ್ತಿನೇ ಹಾಕಮ್ಮ. ನೀವು ಆಡೋದು ಹೆಂಗಾದ್ರೂ ಇರ್ಲಿ, ಬಡಿಸೋದು ಮಾತ್ರ ಚೆನ್ನಾಗಿ ಬಡಿಸ್ತೀರ.”

ಲೋರ್ನಾ ಇನ್ನೊಂದು ಸೌಟು ಹಾಕಿದಳು.

“ಪಾಪ, ಇನ್ನೊಂದು ವರ್ಷಕ್ಕೆ ಅಂಗಡಿ ಮುಚ್ಚುತ್ತಂತಲ್ಲ ನಿಮ್ಮದು? ಮುಚ್ಚದೆ ಇನ್ನೇನು. ನಿಮ್ಮಾಟನ ನಿಮ್ಮ ಮನೆ ಬೆಕ್ಕೂ ಕೂತು ನೋಡಲ್ಲ.”

ಬೆಕ್ಕಿನ ಮಾತು ಬಂದದ್ದೇ ತಡ, ಅವಳ ನಾಲಿಗೆ ಲಗಾಮು ಹರಿದುಕೊಂಡಿತು. “ಬೆಕ್ಕು ಯಾಕಯ್ಯ ನೋಡ್ಬೇಕು? ನಿಮ್ಮೂರಿಗೆ ಊರೇ ಕೂತು ನೋಡುತ್ತಲ್ಲ. ನಮ್ಮ ಬೆಲೆ ಏರಿಸಿರೋರೇ ನೀವು. ಮಿಡ್‌ಲ್ಯಾಂಡ್‌ನೋರೇ ಹೇಳಿದ್ರು.”

ವೆಂಡೆಲ್‌ನ ಚಮಚ ಬಾಯಿಯ ಹತ್ತಿರವೇ ನಿಂತಿತು. ಮಿಡ್‌ಲ್ಯಾಂಡ್‌ನವರು ಯಾವಾಗ ಬಂದಿದ್ದರು ಎಂದು ಮೆಲ್ಲಗೆ ಕೇಳಿದ. ಲೋರ್ನಾ ರೋಲು ಜೋಡಿಸತೊಡಗಿದಳು. ಆದರೆ ಅವಳ ಮುಖ ಏಪ್ರನ್ನಿಗಿಂತ ಕೆಂಪಾಗಿತ್ತು. ವೆಂಡೆಲ್ ಬಟ್ಟಲನ್ನು ಅರ್ಧಕ್ಕೇ ಬಿಟ್ಟು ಹೊರಟ. ಆತ ಚಿಲ್ಲಿ ಬಿಟ್ಟುಹೋದದ್ದನ್ನು ಕಂಡಾಗಲೇ ಕೆಟ್ಟೆ ಎಂದು ಅವಳಿಗೆ ಖಾತ್ರಿಯಾಯಿತು. ಸೇತುವೆ ದಾಟುವಾಗ ಕಾರಿನಲ್ಲಿ ತನ್ನನ್ನೇ ಬಾಯಿಗೆ ಬಂದಂತೆ ಬೈದುಕೊಂಡಳು.

ವಾರದ ಕೊನೆಯ ಹೊತ್ತಿಗೆ ಸುದ್ದಿ ನದಿ ದಾಟಿ ಬಂತು. ಶನಿವಾರ ಮಧ್ಯಾಹ್ನ ಲಾಜ್‌ಪೋಲ್ ಆಡುವಾಗ ಹಾರ್ಲನ್‌ನಲ್ಲಿ ಯಾರೂ ಟಿವಿ ಹಾಕಕೂಡದೆಂದು ವೆಂಡೆಲ್ ಮನೆಮನೆಗೆ ಹೇಳಿಸಿದ್ದಾನಂತೆ. ಮನೆಯಲ್ಲಿದ್ದರೆ ಕೈ ತಡೆಯುವುದಿಲ್ಲವೆಂದು ಊರಿಗೆ ಊರನ್ನೇ ನದಿ ದಂಡೆಗೆ ವನಭೋಜನಕ್ಕೆ ಹೊರಡಿಸಿದ್ದಾನಂತೆ. ಕೇಳಿ ಲಾಜ್‌ಪೋಲ್‌ನವರ ಮೈ ಉರಿದುಹೋಯಿತು.

ಶನಿವಾರ ಮಧ್ಯಾಹ್ನ ಲಾಜ್‌ಪೋಲ್ ಹುಡುಗರು ಹಿಂದೆಂದೂ ಆಡದಷ್ಟು ಚೆನ್ನಾಗಿ ಆಡಿ ಗೆದ್ದರು. ಆಚೆ ಊರಿನ ಟಿವಿಗಳ ಮುಂದೆ ಅದನ್ನು ನೋಡಿ ಹೊಟ್ಟೆ ಉರಿಸಿಕೊಳ್ಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಗೆದ್ದರೂ ಸಪ್ಪೆ ಎನಿಸಿತು.

ಅದೇ ಸಂಜೆ ಹಾರ್ಲನ್‌ನ ಆಟವಿತ್ತು, ಬಲವಾದ ತಂಡದ ಮೇಲೆ. ಇವರಿಗೆ ಇಂದು ಸರಿಯಾಗಿ ಬೀಳಬೇಕು, ಬೀಳುವುದನ್ನು ನಾವು ನೋಡಲೇಬೇಕು ಎಂದು ಲಾಜ್‌ಪೋಲ್ ಊರಿಗೆ ಊರೇ ಟಿವಿಯ ಮುಂದೆ ಕುಳಿತಿತು. ಎಂದೂ ಆಟ ನೋಡದ ಮುದುಕಿಯರೂ ಕನ್ನಡಕ ಏರಿಸಿ ಕುಳಿತರು. ಮನೆಯಲ್ಲಿ ಎರಡು ಟಿವಿ ಇದ್ದವರು ಎರಡನ್ನೂ ಹಾಕಿದರು. ಇದರಿಂದ ಆಗುವುದೇನೆಂದು ಯಾರಾದರೂ ಒಂದು ಗಳಿಗೆ ಯೋಚಿಸಬೇಕಿತ್ತು. ಯೋಚಿಸಬೇಕಾದವಳು ಲೋರ್ನಾ. ಅವಳು ಊರಿನ ಸ್ಟ್ಯಾನ್ ಎಂಬಾತನ ಬಾರಿನಲ್ಲಿ ಎಲ್ಲರಿಗಿಂತ ಮುಂದಿನ ಕುರ್ಚಿಯಲ್ಲಿ ಕುಳಿತು ಹಾರ್ಲನ್‌ಗೆ ಶಾಪ ಹಾಕುತ್ತಿದ್ದಳು.

ಸೋಮವಾರ ಟೆಲ್‌ಮನ್ ಫೋನ್ ಮಾಡಿದ. ದನಿಯಲ್ಲಿ ನಿಜವಾದ ಮರುಕವಿತ್ತು. ಒಂದೇ ವಾರದಲ್ಲಿ ಲಾಜ್‌ಪೋಲ್‌ನ ಬೆಲೆ ಪಾತಾಳಕ್ಕೆ ಇಳಿದಿದೆ, ಹಾರ್ಲನ್‌ನದು ಮುಗಿಲು ಮುಟ್ಟಿದೆ, ಮತ ಅತ್ತ ಬಿದ್ದಿದೆ ಎಂದ. ಆಮೇಲೆ ಕೇಳಿದ.

“ಒಂದು ವಿಷಯ ಮಾತ್ರ ನಂಗೆ ಅರ್ಥ ಆಗ್ಲಿಲ್ಲ ಮೇಡಂ. ಹಾರ್ಲನ್ ಆಟ ನೋಡಿದೋರೆಲ್ಲ ನಿಮ್ಮೂರಿನೋರೇ. ಅವರ ಮೇಲೆ ನಿಮಗೆ ಅಷ್ಟೊಂದು ಪ್ರೀತಿನಾ?”

“ಪ್ರೀತಿ ಅಲ್ಲ ಸಾರ್.”

“ಮತ್ತೇನು?”

ಲೋರ್ನಾ ಫೋನ್ ಇಟ್ಟು ಬಹಳ ಹೊತ್ತು ಅತ್ತಳು. ಹುಡುಗರಿಗೆ ಹೇಗೆ ಹೇಳುವುದೆಂದು ಅತ್ತಳು, ತನ್ನ ಬಾಯಿಗಾಗಿಯೂ ಅತ್ತಳು.

ಮರುವರ್ಷ ಹಾರ್ಲನ್ ಮಿಡ್‌ಲ್ಯಾಂಡ್ ಸೇರಿತು. ಲಾಜ್‌ಪೋಲ್‌ನಲ್ಲಿ ಫುಟ್‌ಬಾಲ್ ನಿಂತಿತು. ಮೈದಾನದ ಹುಲ್ಲು ಮಂಡಿಯವರೆಗೆ ಬೆಳೆಯಿತು. ಮೊದಲ ಶನಿವಾರ ಮಾಡಲು ಬೇರೆ ಕೆಲಸವಿಲ್ಲದ ಊರು ಸ್ಟ್ಯಾನ್‌ನ ಬಾರಿನಲ್ಲಿ ನೆರೆಯಿತು. ಟಿವಿಯಲ್ಲಿ ದೊಡ್ಡ ನಗರದ ದೈತ್ಯರು ಹಾರ್ಲನ್ ಹುಡುಗರನ್ನು ಹಿಟ್ಟು ನಾದಿದಂತೆ ನಾದುತ್ತಿದ್ದರು. ಮೊದಮೊದಲು ಕೇಕೆ ಬಿತ್ತು. ಅಂತರ ಬೆಳೆಯುತ್ತಾ ಹೋದಂತೆ ಕೇಕೆ ಸಣ್ಣದಾಯಿತು. ಆಮೇಲೆ ಗ್ಲಾಸುಗಳ ಸದ್ದಷ್ಟೇ ಉಳಿಯಿತು.

“ಇಷ್ಟು ಹೊಡೀಬಾರ್ದಪ್ಪ” ಎಂದ ಸ್ಟ್ಯಾನ್.

ಆಗ ಹಾರ್ಲನ್‌ನ ಒಬ್ಬ ಕುಳ್ಳ ಹುಡುಗ ಎಲ್ಲಿಂದಲೋ ಚೆಂಡನ್ನು ಕಸಿದು, ಕಂಕುಳಲ್ಲಿ ಅವುಚಿಕೊಂಡು ಓಟ ಕಿತ್ತ. ಹಿಂದೆ ನಾಲ್ಕು ಜನ ದೈತ್ಯರು.

“ಓಡೋ, ಓಡೋ ನನ್ನಪ್ಪ, ತಿರುಗಿ ನೋಡ್ಬೇಡ!”

ಕೂಗಿದವರು ಯಾರೆಂದು ಎಲ್ಲರೂ ತಿರುಗಿ ನೋಡಿದರು. ಲೋರ್ನಾ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಅವಳಿಗೆ ನಾಚಿಕೆಯಾಯಿತು, ಆದರೂ ಇಳಿಯಲಿಲ್ಲ. ಮರುಗಳಿಗೆ ಇಡೀ ಬಾರು ಎದ್ದು ನಿಂತು ಆ ಹುಡುಗನನ್ನು ಓಡಿಸತೊಡಗಿತು. ಅಂಕ ಸಿಗುವ ಗೆರೆಗೆ ಒಂದು ಮಾರು ದೂರದಲ್ಲಿ ಅವನನ್ನು ಕೆಡವಿದಾಗ ಸ್ಟ್ಯಾನ್ ಹಾರ್ಲನ್‌ನ ಪರವಾಗಿ ರೆಫರಿಗೆ ಹಿಗ್ಗಾಮುಗ್ಗಾ ಬೈದ.

ಟೆಲ್‌ಮನ್‌ನ ಲೆಕ್ಕದಲ್ಲಿ ಲಾಜ್‌ಪೋಲ್‌ನವರು ಹಾರ್ಲನ್‌ನ ಅಭಿಮಾನಿಗಳೆಂದೇ ಇತ್ತು. ಆ ಲೆಕ್ಕ ಸರಿಯಾದದ್ದು ಆ ಸಂಜೆ.