ತಾಯಿ ಬಾಟಲಿ

ಮಗಳ ಜಡೆ ಅರ್ಧ ಹೆಣೆದಿದ್ದೆ, ಫೋನು ಬಂತು. ಕೈ ಬಿಡುವಂತಿರಲಿಲ್ಲ, ಮೊಣಕೈಯಲ್ಲೇ ಸ್ಪೀಕರ್ ಒತ್ತಿದೆ.

ನಮ್ಮ ಸಸ್ಯ ಪ್ರಯೋಗಾಲಯದ ಮುಖ್ಯಸ್ಥರು. "ಎ.ಸಿ. ಮತ್ತೆ ಕೈಕೊಡ್ತಮ್ಮ. ನಂಗೂ ಸಾಕಾಯ್ತು. ಮಕ್ಕಳು ಇಲ್ಲೇ ಇರ್ಲಿ, ತಾಯಿನ ಹೊರದೇಶಕ್ಕೆ ಕಳಿಸಿಬಿಡೋಣ. ಅಲ್ಲಿ ಚೆನ್ನಾಗಿ ನೋಡ್ಕೋತಾರೆ."

"ಬಂದು ಮಾತಾಡ್ತೀನಿ ಸಾರ್" ಎಂದು ಜಡೆಯ ತುದಿಗೆ ಸಿಕ್ಕಿದಂತೆ ರಬ್ಬರ್ ಬ್ಯಾಂಡ್ ಸುತ್ತಿ ಎದ್ದೆ.

ಮಗಳಿಗೆ ಮನೆಯಲ್ಲಿ ಪಿಟೀಲು ಎಂದೇ ಹೆಸರು. ಎದ್ದರೆ ಮಲಗುವವರೆಗೂ ಕುಯ್ಯೋ ಎನ್ನುತ್ತಿರುತ್ತಾಳೆ. ಆವತ್ತು ಡಬ್ಬಿಗೆ ಏನು ಹಾಕಿದೆ ಎಂದೂ ಕೇಳಲಿಲ್ಲ.

"ಏನೇ, ತಂತಿ ಕಿತ್ತುಹೋಯ್ತಾ?" ಎಂದರು ಅತ್ತೆ.

ನಮ್ಮ ಕೆಲಸದಲ್ಲಿ ತಾಯಿ ಎಂದರೆ ಒಂದು ಬಾಟಲಿ. ಗುಡ್ಡ ಕಡಿದು ರಸ್ತೆ ಮಾಡಿದಾಗ ಬೇರುಸಹಿತ ಹೋದ ಕಾಡುಗೆಣಸಿನ ಒಂದು ಚಿಗುರು ಅದರಲ್ಲಿ ಉಳಿದಿದೆ. ಅದರಿಂದ ಚೂರು ಕತ್ತರಿಸಿ ಬೇರೆ ಬಾಟಲಿಗಳಲ್ಲಿ ಬೆಳೆಸಿದ ಸಸಿಗಳು ಮಕ್ಕಳು. ಮಕ್ಕಳಿಗೆ ಬೂಷ್ಟು ಹತ್ತಿದರೆ ತಾಯಿಯಿಂದ ಮತ್ತೆ ಪಡೆಯುತ್ತೇವೆ. ತಾಯಿಗೇ ಹತ್ತಿದರೆ ಆ ಗೆಣಸಿನ ಕಥೆ ಮುಗಿದಂತೆ.

ಹೋಗಿ ನೋಡಿದರೆ ಕೋಣೆ ಬೆವರುತ್ತಿತ್ತು. ಕೆಳಗಿನ ಸಾಲಿನ ಬಾಟಲಿಗಳಲ್ಲಿ ಆಗಲೇ ಬಿಳಿ ಹತ್ತಿಯಂತೆ ಬೂಷ್ಟು. ತಾಯಿಯನ್ನು ಬೆಳಕಿಗೆ ಹಿಡಿದೆ. ಸದ್ಯ, ತಿಳಿಯಾಗಿತ್ತು.

ಮುಖ್ಯಸ್ಥರು ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತ ನಿಂತಿದ್ದರು. "ಹೊರದೇಶದ ಲ್ಯಾಬಲ್ಲಿ ಕರೆಂಟ್ ಹೋಗಲ್ಲ. ತಾಯಿ ಉಳಿಯುತ್ತೆ."

"ಉಳಿಯುತ್ತೆ ಸಾರ್. ಆದ್ರೆ ಉಳಿಸೋದನ್ನ ನಾವು ಕಲಿಯೋದು ಯಾವಾಗ?"

"ನೀನು ಕಲಿಸಿದೋರೆಲ್ಲ ಎಲ್ಲಿದಾರೆ ಹೇಳು. ಕೈ ಪಳಗಿತು ಅನ್ನೋಷ್ಟರಲ್ಲಿ ಬೇರೆ ಕೆಲಸ ನೋಡ್ಕೊಂಡು ಹೋದ್ರು. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ."

ಅವರು ಹೇಳಿದ್ದು ಸುಳ್ಳಲ್ಲ. ಬೂಷ್ಟು ಬಂದ ಬಾಟಲಿಗಳನ್ನು ತೊಳೆಯಲು ಕುಳಿತೆ.

"ಯೋಚ್ನೆ ಮಾಡು" ಎಂದರು ಹೊರಡುವಾಗ. "ನಿನ್ನ ಕೈಯಲ್ಲಿ ಬೆಳೆದದ್ದು. ನೀನು ಹೂಂ ಅಂದ್ರಷ್ಟೇ ಕಳಿಸ್ತೀನಿ. ರಾತ್ರಿಯೊಳಗೆ ತಿಳಿಸು."

ಸಂಜೆ ಮನೆಗೆ ಬಂದು ಪಾತ್ರೆ ತೊಳೆದೆ. ಮೊಸರಿಗೆಂದು ಅಂಗಡಿಗೆ ಹೊರಟರೆ ಬಾಗಿಲಲ್ಲಿ ನನ್ನ ಚಪ್ಪಲಿ ಇಲ್ಲ. ಹುಡುಕಿ ಹುಡುಕಿ ಕೊನೆಗೆ ಬಟ್ಟೆ ಒಗೆಯುವ ಯಂತ್ರದ ಒಳಗೆ ಸಿಕ್ಕಿತು. ಕೆಲಸಕ್ಕೆ ಹಾಕಿಕೊಳ್ಳುವ ನನ್ನ ಬೂಟೂ ಅಲ್ಲೇ ಇತ್ತು.

"ನಿನ್ನ ಮಗಳ ಕೆಲಸ" ಎಂದರು ಅತ್ತೆ. "ಇವತ್ತು ಚಪ್ಪಲಿ. ನಾಳೆ ನನ್ನನ್ನೂ ಒಗೆಯೋಕೆ ಹಾಕ್ತಾಳೆ."

ನಗಲೂ ಶಕ್ತಿಯಿರಲಿಲ್ಲ. ಅಂಗಡಿಯ ಆಸೆ ಬಿಟ್ಟು ಮಂಚದ ಅಂಚಿಗೆ ಕುಳಿತು ಫೋನು ತೆಗೆದೆ. "ಆಯ್ತು ಸಾರ್, ಕಳಿಸಿ" ಎಂದು ಟೈಪು ಮಾಡಿದೆ. ನಿಜ ಹೇಳಬೇಕೆಂದರೆ ಮನಸ್ಸು ಹಗುರಾಯಿತು. ಇನ್ನು ಕರೆಂಟು ಹೋದಾಗಲೆಲ್ಲ ಪ್ರಯೋಗಾಲಯಕ್ಕೆ ಓಡುವುದು ಬೇಡ.

ಸೆಂಡ್ ಒತ್ತುವ ಮೊದಲೇ ಪಿಟೀಲು ಬಂದು ನನ್ನ ಮೊಣಕಾಲುಗಳ ನಡುವೆ ಬೆನ್ನು ತಿರುಗಿಸಿ ಕುಳಿತಳು. ಬೆಳಗಿನ ಅರ್ಧ ಜಡೆ ಹಾಗೇ ಇತ್ತು. ಶಾಲೆಯಲ್ಲೂ ಯಾರ ಕೈಗೂ ಕೊಟ್ಟಿರಲಿಲ್ಲ. ಫೋನನ್ನು ಪಕ್ಕಕ್ಕಿಟ್ಟು ಸಿಕ್ಕು ಬಿಡಿಸತೊಡಗಿದೆ.

"ಚಪ್ಪಲಿ ಯಾಕೆ ಬಚ್ಚಿಟ್ಟೆ ಕೂಸೆ?"

ಬಾಚಣಿಗೆ ಒಂದೆರಡು ಸಲ ಇಳಿಯಿತು. ಆಮೇಲೆ ಗೋಡೆ ನೋಡುತ್ತಲೇ ಕೇಳಿದಳು:

"ಅಮ್ಮ, ತಾಯಿನ ಕಳಿಸಿಬಿಟ್ರೆ ಮಕ್ಕಳನ್ನ ಯಾರು ನೋಡ್ಕೋತಾರೆ?"